ಕೆಂಪು ಕೋಟಿನವನ ಕೆನ್ನೆ

ನಾನು ಜನರ ಮುಖಕ್ಕಿಂತ ಮೊದಲು ಬಾಯಿ ನೋಡುತ್ತೇನೆ. ಇದು ಒಳ್ಳೆಯ ಅಭ್ಯಾಸವಲ್ಲ ಎಂದು ನನ್ನ ಗಂಡ ಮದುವೆಯಾದಾಗಿನಿಂದ ಹೇಳುತ್ತಿದ್ದಾರೆ. ಯಾವುದಾದರೂ ಸಮಾರಂಭದಲ್ಲಿ ಯಾರಾದರೂ ನಕ್ಕರೆ ಸಾಕು, ಆ ಮುಂದಿನ ಹಲ್ಲು ಹುಟ್ಟಿನಿಂದ ಬಂದದ್ದೋ ಲ್ಯಾಬಿನಿಂದ ಬಂದದ್ದೋ, ಮಾಡಿದವನಿಗೆ ಕೈಚಳಕ ಇದೆಯೋ ಇಲ್ಲವೋ ಎಂದು ಯೋಚಿಸುತ್ತಾ ಎಲೆಯ ಮುಂದೆ ಕೂತುಬಿಡುತ್ತೇನೆ. ಏನು ಮಾಡುವುದು, ನನ್ನ ಹೊಟ್ಟೆಪಾಡೇ ಅದು. ಮೈಸೂರಿನಿಂದ ಮಸ್ಕತ್ತಿಗೆ ಬಂದ ಮೇಲೆ ವಾದಿ ಅದಾಯ್‌ನ ಒಂದು ಡೆಂಟಲ್ ಲ್ಯಾಬಿನಲ್ಲಿ ಪಿಂಗಾಣಿ ಹಲ್ಲು ಮಾಡುತ್ತಾ ಬಂದಿದ್ದೇನೆ. ಕೆಳಗೆ ಟೈರ್ ಅಂಗಡಿ, ಮೇಲೆ ನಾವು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾವು ಹಲ್ಲು ಮಾಡಿ ಕಳಿಸುತ್ತೇವೆ. ಹಲ್ಲಿನ ಒಡೆಯರನ್ನು ಕಣ್ಣಾರೆ ಕಾಣುವುದು ಅಪರೂಪ.

ಹಾಗೆ ಕಂಡವರಲ್ಲಿ ಒಬ್ಬರು, ಇಲ್ಲಿಂದ ಸುಮಾರು ಎರಡು ಗಂಟೆ ದಾರಿಯ ರುಸ್ತಾಕಿನ ಮುದುಕಿ. ಅವರ ಪೂರ್ತಿ ಹಲ್ಲುಸೆಟ್ಟನ್ನು ನಾನೇ ಮಾಡಿದ್ದೆ. ಅದು ಒತ್ತುತ್ತದೆ, ನೋಯುತ್ತದೆ ಎಂದು ದೂರು ಹೇಳಿಕೊಂಡು, ಕ್ಲಿನಿಕ್ಕಿನವರು ಕೊಟ್ಟ ಚೀಟಿ ಹಿಡಿದು ಒಬ್ಬರೇ ಮೆಟ್ಟಿಲು ಹತ್ತಿ ಬಂದರು. ಮಗ ಕೆಳಗೆ ಕಾರಿನಲ್ಲಿ ಕೂತಿದ್ದ. ನನಗೆ ಒಳಗೊಳಗೇ ಸಿಟ್ಟು. ನನ್ನ ಕೈಯ ಸೆಟ್ಟು ಒತ್ತುವುದೆಂದರೇನು? ಹಾಕಿಸಿ ನೋಡಿದೆ, ಕಚ್ಚಿಸಿ ನೋಡಿದೆ, ತೆಗೆದು ವಸಡು ನೋಡಿದೆ. ಎಲ್ಲಿಯೂ ಒಂದು ಕೆಂಪು ಗುರುತಿಲ್ಲ. "ಖಾಲಾ, ಇದರಲ್ಲಿ ಏನೂ ತೊಂದರೆ ಇಲ್ವಲ್ಲ" ಎಂದೆ. ಖಾಲಾ ಎಂದರೆ ಚಿಕ್ಕಮ್ಮ, ಆ ವಯಸ್ಸಿನವರನ್ನು ಇಲ್ಲಿ ಹಾಗೆ ಕರೆದರೆ ಮುಖ ಅರಳುತ್ತದೆ. ಅವರ ಅರಬ್ಬಿಗೆ ನನ್ನ ಹರುಕು ಅರಬ್ಬಿ, ನಡುನಡುವೆ ಇಬ್ಬರಿಗೂ ಬರುವ ಹಿಂದಿ, ಹೀಗೆ ನಮ್ಮ ಮಾತು. ಅದನ್ನೆಲ್ಲ ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ.

"ತೊಂದರೆ ಇಲ್ಲ ಅಂತ ನಂಗೂ ಗೊತ್ತು" ಎಂದರು ಅವರು. "ಹಲ್ಲು ನೋವು ಅನ್ನದಿದ್ರೆ ಮಗ ಇಷ್ಟು ದೂರ ಕರ್ಕೊಂಡು ಬರ್ತಾನಾ?" ಹಾಗೆಂದು ಕಪ್ಪು ಅಬಾಯದ ಒಳಗಿನಿಂದ ಬಟ್ಟೆಯ ಗಂಟೊಂದನ್ನು ತೆಗೆದು ನನ್ನ ಮೇಜಿನ ಮೇಲೆ ಬಿಚ್ಚಿದರು.

ಒಳಗಿದ್ದದ್ದು ಬೆಳ್ಳಿ ಸರದ ಒಂದು ಪದಕ. ಪದಕದ ನಡುವೆ, ಹುಣಸೆ ಬೀಜಕ್ಕಿಂತ ದೊಡ್ಡದು, ಕೋಳಿಮೊಟ್ಟೆಗಿಂತ ಚಿಕ್ಕದು ಎನ್ನಬಹುದಾದ ಅಂಡಾಕಾರದ ಚಿತ್ರ. ಕೆಂಪು ಕೋಟು, ಎದೆಯ ಮೇಲೆ ಕಡುನೀಲಿ ಪಟ್ಟಿ, ಒಂದು ಭುಜದಲ್ಲಿ ಬೆಳ್ಳಿಯ ಜಾಲರಿ, ಕುತ್ತಿಗೆಗೆ ಕಪ್ಪು ಬಟ್ಟೆ, ಪುಡಿ ಹಾಕಿ ಬೆಳ್ಳಗೆ ಮಾಡಿದ ಕೂದಲು. ಯಾವುದೋ ದೊರೆಯ ಸೈನ್ಯದ ಅಧಿಕಾರಿ. ತಾಮ್ರದ ತಗಡಿನ ಮೇಲೆ ಗಾಜಿನ ಬಣ್ಣವನ್ನು ಬೆಂಕಿಯಲ್ಲಿ ಕರಗಿಸಿ ಬರೆದ ಎನಾಮೆಲ್ ಚಿತ್ರ ಅದು ಎಂದು ನನಗೆ ನೋಡಿದ ತಕ್ಷಣ ಗೊತ್ತಾಯಿತು, ಏಕೆಂದರೆ ಲೋಹದ ಮೇಲೆ ಪಿಂಗಾಣಿ ಕರಗಿಸುವುದೇ ನನ್ನ ಕೆಲಸ. ಬಣ್ಣ ನಿನ್ನೆ ಹಾಕಿದಂತೆ ಹೊಳೆಯುತ್ತಿತ್ತು. ಆದರೆ ಆತನ ಎಡಗೆನ್ನೆ ಇರಲಿಲ್ಲ. ಕೆನ್ನೆಯ ನಡುವಿನಿಂದ ಗಲ್ಲದವರೆಗೆ, ಅರ್ಧ ಬಾಯಿಯೂ ಸೇರಿ ಒಂದು ಚಕ್ಕೆ ಎದ್ದುಹೋಗಿ ಕೆಳಗಿನ ತಾಮ್ರ ಕಾಣುತ್ತಿತ್ತು.

ಖಾಲಾ ಕಥೆ ಹೇಳಿದರು. ಅವರ ಮುತ್ತಜ್ಜ ಹಡಗಿನಲ್ಲಿ ವ್ಯಾಪಾರಕ್ಕೆ ಹೋಗಿದ್ದಾಗ ಎಲ್ಲಿಂದಲೋ ತಂದದ್ದು. ರುಸ್ತಾಕಿನ ಅಕ್ಕಸಾಲಿಗನೊಬ್ಬ ಅದಕ್ಕೆ ಬೆಳ್ಳಿಯ ಕಟ್ಟು ಹಾಕಿದ. ಮನೆಯಲ್ಲಿ ಒಂದು ಫೋಟೋ ಸಹ ಇಲ್ಲದ ಕಾಲದಲ್ಲಿ ಖಾಲಾ ಮತ್ತು ಅವರ ಅಕ್ಕ ಇಬ್ಬರಿಗೂ ನೋಡಲು ಸಿಕ್ಕ ಚಿತ್ರ ಅದೊಂದೇ. ಚಿಕ್ಕಂದಿನಲ್ಲಿ ಅವರ ಗೊಂಬೆಯೂ ಅವನೇ. ಅವನಿಗೆ ಊಟ ಮಾಡಿಸುವುದು, ಮಲಗಿಸುವುದು, ಅವನಿಗೆ ಯಾರು ಹೆಂಡತಿ ಎಂದು ಜಗಳವಾಡುವುದು. ಈಗ ಅಕ್ಕನಿಗೆ ಮರೆವಿನ ಕಾಯಿಲೆ. ಮಕ್ಕಳ ಹೆಸರು ಹೋಗಿದೆ, ಗಂಡ ಸತ್ತದ್ದು ಮರೆತಿದೆ. ಕೆಂಪು ಕೋಟಿನವನು ಮಾತ್ರ ಉಳಿದಿದ್ದಾನೆ. ಕಳೆದ ವರ್ಷ ಮನೆಯ ಮಗುವೊಂದು ಪದಕವನ್ನು ನೆಲಕ್ಕೆ ಬೀಳಿಸಿತು. ಚಕ್ಕೆ ಪುಡಿಯಾಗಿ, ಕಸದ ಜೊತೆ ಗುಡಿಸಿಹೋಯಿತು.

"ಅವತ್ತಿನಿಂದ ದಿನಾ ಬೆಳಿಗ್ಗೆ ಅವನನ್ನ ಕೇಳ್ತಾಳೆ. ಕೊಟ್ರೆ, 'ಯಾರು ಹೊಡೆದ್ರು ಇವನಿಗೆ?' ಅಂತ ಅಳೋಕೆ ಶುರು ಮಾಡ್ತಾಳೆ. ಮಾರನೇ ದಿನ ಮತ್ತೆ ಹೊಸದಾಗಿ ನೋಡಿ ಹೊಸದಾಗಿ ಅಳ್ತಾಳೆ. ಬಚ್ಚಿಟ್ರೆ ಮನೆಯೆಲ್ಲ ಹುಡುಕ್ತಾ ತಿರುಗ್ತಾಳೆ, ಊಟ ಮುಟ್ಟಲ್ಲ. ಕೊಟ್ರೂ ಕಷ್ಟ, ಕೊಡದಿದ್ರೂ ಕಷ್ಟ." ಖಾಲಾ ನನ್ನ ಕೈ ಹಿಡಿದುಕೊಂಡರು. "ನೀನು ಹಲ್ಲು ಮಾಡ್ತೀಯಲ್ಲ ಮಗಳೇ. ಇವನಿಗೆ ಒಂದು ಕೆನ್ನೆ ಮಾಡಿಕೊಡು."

ಮೊದಲು ವಿಚಾರಿಸಿ ನೋಡುತ್ತೇನೆ ಎಂದೆ. ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಂಡು ಪದಕವನ್ನು ಅವರಿಗೇ ವಾಪಸ್ಸು ಕೊಟ್ಟೆ, ಸಂಜೆಯೊಳಗೆ ಅದು ಅಕ್ಕನ ಕೈ ಸೇರಬೇಕಿತ್ತು. ಮಸ್ಕತ್ತಿನಲ್ಲಿ ಹಳೆಯ ವಸ್ತುಗಳ ವಿಷಯ ಬಲ್ಲ ಪರಿಚಯದವರೊಬ್ಬರಿಗೆ ಫೋಟೋ ಕಳಿಸಿದೆ. ಕೋಟಿನ ರೀತಿ, ಕೂದಲಿನ ರೀತಿ ನೋಡಿದರೆ ಹದಿನೆಂಟನೆಯ ಶತಮಾನದ್ದು, ಯುರೋಪಿನ ಕೆಲಸ, ಆತ ಯಾರೆಂದು ಹೇಳಲಾಗದು ಎಂದು ಅವರು ಉತ್ತರಿಸಿದರು. ಜೊತೆಗೆ, ದಯವಿಟ್ಟು ನೀವು ಮುಟ್ಟಬೇಡಿ, ಇದಕ್ಕೆಂದೇ ಕಲಿತವರು ಯುರೋಪಿನಲ್ಲಿದ್ದಾರೆ, ಕಳಿಸಿದರೆ ಒಂದೆರಡು ವರ್ಷದಲ್ಲಿ ಆದೀತು ಎಂದು ಬರೆದಿದ್ದರು. ಒಳ್ಳೆಯ ಸಲಹೆಯೇ. ಆದರೆ ಆ ಅಕ್ಕನ ಹತ್ತಿರ ಒಂದೆರಡು ವರ್ಷ ಇರಬೇಕಲ್ಲ.

ನಮ್ಮ ಲ್ಯಾಬಿನ ಹಿರಿಯರು ಉಡುಪಿ ಕಡೆಯವರು. ತುಳುವಿನಲ್ಲಿ ಬೈಯುತ್ತಾರೆ, ಕನ್ನಡದಲ್ಲಿ ಬುದ್ಧಿ ಹೇಳುತ್ತಾರೆ. ಫೋಟೋ ನೋಡಿ ಕನ್ನಡಕ ಹಣೆಗೇರಿಸಿದರು.

"ನಿಮಗೆ ಎಂತ ಮರ್ಲಾ ಮಾರಾಯ್ರೆ? ಹಲ್ಲು ಹಾಳಾದ್ರೆ ಇನ್ನೊಂದು ಮಾಡ್ಲಿಕ್ಕೆ ಆಗ್ತದೆ. ಇದು ಹಾಳಾದ್ರೆ ಎಲ್ಲಿಂದ ತರುದು? ನಾಳೆ ಅವರ ಮನೆಯವರು ಬಂದು ಇಲ್ಲಿ ಕೂತ್ರೆ ನಾನು ಲ್ಯಾಬಿನ ಧಣಿ ಕಫೀಲ್‌ಗೆ ಎಂತ ಹೇಳುದು? ಬೇಡ. ಖಲಾಸ್."

ಬೇಡ ಎಂದರೆ ನನಗೆ ಹಟ ಬರುತ್ತದೆ, ಇದು ಹುಟ್ಟುಗುಣ, ಸುಟ್ಟರೂ ಹೋಗದು. "ಮಾಡೇ ಮಾಡ್ತೀನಿ ಸರ್, ಆದ್ರೆ ಅದನ್ನ ಹಾಳು ಮಾಡದೆ ಮಾಡ್ತೀನಿ" ಎಂದೆ. ಹೇಗೆ ಎಂಬುದು ನನಗೂ ಇನ್ನೂ ಗೊತ್ತಿರಲಿಲ್ಲ.

ಮೊದಲ ತೊಡಕು ಬೆಂಕಿಯದು. ಪಿಂಗಾಣಿ ಪುಡಿಯನ್ನು ಕಲಸಿ ಚಕ್ಕೆ ಹೋದ ಆ ಹೊಂಡದಲ್ಲಿ ತುಂಬಿ ಪದಕದ ಚಿತ್ರವನ್ನು ನಮ್ಮ ಫರ್ನೇಸಿನಲ್ಲಿಟ್ಟರೆ, ನಮ್ಮ ಪಿಂಗಾಣಿ ಬೇಯುವ ಬಿಸಿಗೆ ಆ ಹಳೆಯ ಗಾಜು ಮೊದಲೇ ಕರಗಿ ಹರಿಯುತ್ತದೆ. ಅಧಿಕಾರಿ ಹೋಗಿ ತಗಡಿನ ಮೇಲೆ ಕೆಂಪು ಗಸಿ ಉಳಿಯುತ್ತದೆ. ಅಷ್ಟೇ ಅಲ್ಲ, ನಮ್ಮ ಪುಡಿ ತಾಮ್ರಕ್ಕೆ ಹೊಂದುವುದೂ ಇಲ್ಲ. ಒಂದು ತಾಮ್ರದ ತುಂಡಿನ ಮೇಲೆ ಬೇಯಿಸಿ ನೋಡಿದೆ. ಹೊರಗೆ ತೆಗೆದು ಆರುತ್ತಿದ್ದಂತೆ ಟಿಕ್ ಟಿಕ್ ಎಂದು ಸದ್ದು ಮಾಡಿ ಹಪ್ಪಳದಂತೆ ಎದ್ದುಬಂತು. ಎರಡು ವಾರ ಇದೇ ಯೋಚನೆ. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಿದೆ. ನನ್ನ ಮಗಳು ಫೋನಿನಲ್ಲಿದ್ದ ಚಿತ್ರ ನೋಡಿ, "ಅಮ್ಮಾ, ಹಿ ಲುಕ್ಸ್ ಲೈಕ್ ದ ಕಿಂಗ್ ಇನ್ ಕಾರ್ಡ್ಸ್" ಎಂದು ನಕ್ಕಳು. ನಗಲಿ ಬಿಡು, ಇಸ್ಪೀಟಿನ ರಾಜನಿಗಾದರೂ ಎರಡು ಕೆನ್ನೆ ಇರುತ್ತವೆ ಎಂದುಕೊಂಡೆ.

ಉಪಾಯ ಹೊಳೆದದ್ದು ಕೆಲಸದ ಮಧ್ಯದಲ್ಲೇ. ಯಾರದೋ ಮುರಿದ ಹಲ್ಲಿಗೆ ತೆಳುವಾದ ಪಿಂಗಾಣಿ ತುಂಡು ಮಾಡುತ್ತಿದ್ದೆ. ಅಲ್ಲ, ಹಲ್ಲು ಮುರಿದರೆ ನಾವೇನು ರೋಗಿಯನ್ನು ಫರ್ನೇಸಿಗೆ ಹಾಕುತ್ತೇವೆಯೇ? ಮುರಿದ ಜಾಗದ ಅಚ್ಚು ತೆಗೆಯುತ್ತೇವೆ. ಬೆಂಕಿ ತಾಳುವ ಗಾರೆಯಲ್ಲಿ ಆ ಹೊಂಡದ ಪಡಿಯಚ್ಚು ಮಾಡುತ್ತೇವೆ. ಅದರ ಮೇಲೆ ತುಂಡನ್ನು ಬೇಯಿಸಿ, ಬಿಡಿಸಿ, ಬಾಯಿಯಲ್ಲಿ ಕೂರಿಸುತ್ತೇವೆ. ಅಧಿಕಾರಿಯೂ ಒಬ್ಬ ರೋಗಿ ಎಂದುಕೊಂಡರೆ ಮುಗಿಯಿತು. ಅವನು ಬೆಂಕಿಯ ಹತ್ತಿರವೇ ಬರಬೇಕಾಗಿಲ್ಲ. ಅಂಟಿಸುವುದೂ ಅಷ್ಟೇ, ನಾಳೆ ಕಲಿತವರು ಯಾರಾದರೂ ಬಿಡಿಸಬೇಕೆಂದರೆ ಬಿಡಿಸಬರುವಂಥ ಅಂಟಿನಿಂದ. ಹಿರಿಯರ ಮುಂದೆ ಇದನ್ನು ಹೇಳಿದೆ. ಅವರು ಗಡ್ಡ ತುರಿಸಿಕೊಂಡು, "ಅಚ್ಚು ತೆಗೆಯುವಾಗ ಉಳಿದ ಚಕ್ಕೆ ಎದ್ದು ಬಂದ್ರೆ?" ಎಂದರು. ಬೇಡ ಎಂಬ ಮಾತು ಹೋಗಿ ಪ್ರಶ್ನೆ ಬಂದಿತ್ತು. ಅಷ್ಟು ಸಾಕಾಗಿತ್ತು ನನಗೆ.

ಖಾಲಾಗೆ ಮತ್ತೆ ಹಲ್ಲು ನೋವು ಬಂತು. ಪದಕ ಹಿಡಿದು ಬಂದರು. ಚಕ್ಕೆಯ ಅಂಚಿಗೆ ತೆಳುವಾಗಿ ಮೇಣದಂಥ ಲೇಪ ಸವರಿ, ಅತಿ ಮೆತ್ತಗಿನ ಅಚ್ಚಿನ ರಬ್ಬರನ್ನು ಒತ್ತಿದೆ. ಅದು ಗಟ್ಟಿಯಾಗುವವರೆಗೆ ಖಾಲಾ ಏನೋ ಪ್ರಾರ್ಥನೆ ಹೇಳುತ್ತಿದ್ದರು, ಹಿರಿಯರು ನನ್ನ ಬೆನ್ನ ಹಿಂದೆ ನಿಂತು ಉಸಿರು ಬಿಡುತ್ತಿದ್ದರು, ನಾನು ಚಾಮುಂಡಿಯನ್ನು ನೆನೆದೆ. ಎಳೆದಾಗ ಅಚ್ಚು ಒಂದೇ ಸಲಕ್ಕೆ ಶುದ್ಧವಾಗಿ ಬಂತು. ಚಿತ್ರದ ಒಂದು ಕಣವೂ ಅದಕ್ಕೆ ಅಂಟಿರಲಿಲ್ಲ. ಖಾಲಾ ಚಪ್ಪಾಳೆ ತಟ್ಟಿದರು. ಹಿರಿಯರು ಎಲ್ಲರಿಗೂ ಚಹಾ ತರಿಸಿದರು.

ಶುಕ್ರವಾರ ಲ್ಯಾಬಿಗೆ ರಜೆ. ಹಿರಿಯರು ಬೀಗದ ಕೈ ಕೊಟ್ಟರು, "ಯಲ್ಲಾ, ನಡೀರಿ, ಎಂತ ಮಾಡ್ತೀರಿ ಮಾಡಿ, ನಾನು ನೋಡ್ಲಿಲ್ಲ" ಎಂದರು. ಕೂತು ಪುಡಿ ಕಲಸಿ, ಕುಂಚದಲ್ಲಿ ಪದರ ಪದರವಾಗಿ ಕಟ್ಟಿ, ಬೆಂದಾಗ ಕುಗ್ಗುವಷ್ಟನ್ನು ಅಂದಾಜು ಮಾಡಿ ಸ್ವಲ್ಪ ಉಬ್ಬಿಸಿ, ಫರ್ನೇಸಿಗಿಟ್ಟೆ. ಹೊರಗೆ ಬಂದ ತುಂಡು ಪಡಿಯಚ್ಚಿನ ಹೊಂಡಕ್ಕೆ ಕರಾರುವಾಕ್ಕಾಗಿ ಕೂತಿತು. ಬಣ್ಣವೂ ಫೋಟೋದ ಜೊತೆ ಹೊಂದಿತು. ಬಹಳ ಹೆಮ್ಮೆಯಿಂದ ಮಾರನೇ ದಿನ ಹಿರಿಯರಿಗೆ ತೋರಿಸಿದೆ. ಅವರು ಭೂತಗನ್ನಡಿಯಲ್ಲಿ ನೋಡಿ, ಮೇಜು ಹಿಡಿದುಕೊಂಡು ನಗಲು ಶುರು ಮಾಡಿದರು.

"ಪಾಪ ಮಾರಾಯ್ರೆ, ಇವನ ಕೆನ್ನೆಯಲ್ಲಿ ಹಲ್ಲು ಬಂದಿದೆ!"

ನಿಜ. ನನ್ನ ಕೈ ನನಗೇ ಮೋಸ ಮಾಡಿತ್ತು. ಅಷ್ಟು ವರ್ಷದ ರೂಢಿ ನೋಡಿ, ಕೆನ್ನೆಗೂ ಒಳಗಿನಿಂದ ಬೆಳಕು ಬರುವಂತೆ ಪಾರದರ್ಶಕ ಪದರ ಕೊಟ್ಟಿದ್ದೆ, ಅಂಚಿಗೆ ತಿಳಿನೀಲಿ ಸೇರಿಸಿದ್ದೆ, ವಸಡಿನ ಹತ್ತಿರ ಹಾಕುವ ಹಾಗೆ ಕೆಳಗೆ ಸ್ವಲ್ಪ ಹಳದಿ ಸಹ ಸವರಿದ್ದೆ. ನಿಜವಾದ ಹಲ್ಲಿನಂತೆ ಕಾಣಲಿ ಎಂದು ನಾವು ಎಳೆಯುವ ಕೂದಲೆಳೆಯ ಬಿರುಕನ್ನೂ ಎಳೆದಿದ್ದೆ! ಸೈನ್ಯದ ಅಧಿಕಾರಿಯ ದವಡೆಯ ಮೇಲೆ ಲಕ್ಷಣವಾದ ಒಂದು ದವಡೆಹಲ್ಲು ಹೊಳೆಯುತ್ತಿತ್ತು. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ಅದನ್ನು ಕಸಕ್ಕೆ ಹಾಕಿ, ಮೊದಲಿನಿಂದ ಶುರು ಮಾಡಿದೆ.

ಈ ಸಲ ಕಟ್ಟುವ ಮೊದಲು ನೋಡಿದೆ. ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಉಳಿದ ಬಲಗೆನ್ನೆಯನ್ನು ದಿನಗಟ್ಟಲೆ ನೋಡಿದೆ. ಆ ಕಾಲದ ಚಿತ್ರಕಾರ ಒಳಗಿನಿಂದ ಏನನ್ನೂ ಕಟ್ಟಿರಲಿಲ್ಲ. ಚಪ್ಪಟೆಯಾದ ಬಿಳಿಯ ಮೇಲೆ ಚುಕ್ಕೆ ಇಟ್ಟಿದ್ದ, ಅಷ್ಟೇ. ಕೆಂಪು ಚುಕ್ಕೆ, ಕಂದು ಚುಕ್ಕೆ, ಗಡ್ಡ ಬೋಳಿಸಿದ ಕಡೆ ಬೂದು ಚುಕ್ಕೆ. ದೂರದಿಂದ ಅವೇ ಮಾಂಸವಾಗುತ್ತಿದ್ದವು. ಒಂದು ಕೂದಲಿನ ಕುಂಚ ಹಿಡಿದು, ನನ್ನ ಮೇಜಿನ ದೀಪದ ಕೆಳಗೆ, ಅವನ ಚುಕ್ಕೆಯ ಹಾಗೆ ಚುಕ್ಕೆ ಇಡಲು ಕಲಿತೆ. ಬೇಯಿಸುವುದು, ನೋಡುವುದು, ಮತ್ತೆ ಇಡುವುದು. ಕೆಟ್ಟದ್ದನ್ನು ಎಸೆಯುವುದು. ಕತ್ತು ಹಿಡಿಯಿತು, ಕಣ್ಣು ಉರಿಯಿತು, ಗಂಡ ಎರಡು ಶುಕ್ರವಾರ ಒಬ್ಬರೇ ಊಟ ಮಾಡಿ ಮೂರನೆಯ ಶುಕ್ರವಾರ ಬುತ್ತಿ ಕಟ್ಟಿಕೊಂಡು ಲ್ಯಾಬಿಗೇ ಬಂದರು. ಕೆನ್ನೆ ಬಂತು. ಗಲ್ಲ ಬಂತು. ಬಾಯಿ ಬರಲಿಲ್ಲ.

ಬಾಯಿ ಅರ್ಧವಷ್ಟೇ ಉಳಿದಿತ್ತು. ಇನ್ನರ್ಧ ಹೇಗಿತ್ತು? ಒಡೆಯುವ ಮೊದಲಿನ ಫೋಟೋ ಯಾರ ಬಳಿಯೂ ಇಲ್ಲ. ಖಾಲಾರನ್ನು ಫೋನಿನಲ್ಲಿ ಕೇಳಿದರೆ, "ನಗು ತಡ್ಕೊಂಡಿದ್ದ. ನಾವು ಏನಾದ್ರೂ ತಪ್ಪು ಮಾಡಿದ್ರೆ ಅವನಿಗೆ ಮಾತ್ರ ಗೊತ್ತು, ಆದ್ರೂ ಯಾರಿಗೂ ಹೇಳಲ್ಲ, ಹಾಗೆ" ಎಂದರು. ನಗು ತಡೆದುಕೊಂಡ ಬಾಯಿ ಬರೆದೆ. ಬಲಗಡೆಯ ಅರ್ಧಕ್ಕೆ ಕೂಡಲಿಲ್ಲ, ಅವನು ಯಾರನ್ನೋ ಅಣಕಿಸುವಂತೆ ಕಂಡ. ಸುಮ್ಮನೆ ಮುಚ್ಚಿದ ಬಾಯಿ ಬರೆದೆ. ಮುಖ ಸಪ್ಪೆಯಾಯಿತು. ಇದನ್ನು ಹೀಗೇ ಕೊಟ್ಟರೆ ಆ ಅಕ್ಕ ದಿನಾ ಬೆಳಿಗ್ಗೆ "ಇವನ್ಯಾರು?" ಎಂದು ಅಳುತ್ತಾರೆ, ಕೆಲಸ ಕೆಟ್ಟಿತು.

ಹಾಗಾದರೆ ನನ್ನ ಕೆಟ್ಟ ಅಭ್ಯಾಸವನ್ನೇ ನೆಚ್ಚಿಕೊಳ್ಳಬೇಕು ಎಂದುಕೊಂಡೆ. ಮುಖ ಬಿಟ್ಟು ಬಾಯಿಯನ್ನಷ್ಟೇ ನೋಡಿದೆ. ಉಳಿದ ಅರ್ಧದಲ್ಲಿ ಮೇಲ್ದುಟಿ ಸ್ವಲ್ಪ ಒಳಕ್ಕೆ ಹೋಗಿತ್ತು, ತುಟಿಯ ಮೂಲೆ ಬಿಗಿಯಾಗಿತ್ತು, ಗಲ್ಲ ಒಂಚೂರು ಮುಂದಕ್ಕೆ ಬಂದಿತ್ತು. ಇಂಥ ಬಾಯಿಗಳನ್ನು ಎಷ್ಟು ನೋಡಿಲ್ಲ ನಾನು! ಈ ಮನುಷ್ಯ ನಗು ತಡೆದುಕೊಂಡಿರಲಿಲ್ಲ. ಇವನಿಗೆ ಮೇಲಿನ ಹಲ್ಲುಗಳೇ ಇರಲಿಲ್ಲ. ಜರಿ, ಜಾಲರಿ, ಬೆಳ್ಳಿಯ ಗುಂಡಿ ಎಲ್ಲ ಇದ್ದು ಜಗಿಯಲು ಹಲ್ಲಿಲ್ಲ. ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು. ಬೊಚ್ಚುಬಾಯಿ ಕಾಣಬಾರದೆಂದು ಚಿತ್ರಕಾರನ ಮುಂದೆ ತುಟಿ ಬಿಗಿಹಿಡಿದು ಕೂತಿದ್ದ. ಅದನ್ನೇ ಇಬ್ಬರು ಹುಡುಗಿಯರು ತಮ್ಮ ಗುಟ್ಟು ಕಾಯುವ ನಗು ಎಂದು ನಂಬಿದ್ದರು.

ಮುಂದಿನ ಸಲ ಖಾಲಾ ಪದಕ ಹಿಡಿದು ಬಂದಾಗ, "ಖಾಲಾ, ನಿಮ್ಮ ಸೆಟ್ಟು ತೆಗೆದು ಈ ಕಡೆ ತಿರುಗಿ ಕೂತ್ಕೊಳ್ಳಿ" ಎಂದೆ. ಅವರು ಗಾಬರಿಯಾದರು. ಕಾರಣ ಹೇಳಿದೆ. ಆಮೇಲೆ ಸೆಟ್ಟು ತೆಗೆದು ಬಟ್ಟಲಿನಲ್ಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ಗಲ್ಲ ಎತ್ತಿ, ಸೇನಾಪತಿಯ ಗತ್ತಿನಲ್ಲಿ ಕೂತರು.

"ಯಾರಿಗೂ ಹಲ್ಲಿಲ್ಲ ಅಂತ ಗೊತ್ತಾಗಬಾರದು, ಹಾಗೆ ತುಟಿ ಹಿಡ್ಕೊಳ್ಳಿ."

"ಅದನ್ನ ನಂಗೆ ಹೇಳಿಕೊಡಬೇಕಾ?" ಎಂದು ತೊದಲಿ, ಬಾಯಿ ಮುಚ್ಚಿದರು. ಬಿಗಿಹಿಡಿದ ತುಟಿಯ ಎಡಮೂಲೆಯಲ್ಲಿ ಒಂದು ಸಣ್ಣ ಮಡಿಕೆ ಬಿತ್ತು, ಕೆಳದುಟಿ ಮೇಲೆದ್ದಿತು. ನಾನು ಎರಡು ವಾರದಿಂದ ಹುಡುಕುತ್ತಿದ್ದ ಅರ್ಧ ಬಾಯಿ ನನ್ನ ಎದುರಿಗೆ ಕುರ್ಚಿಯಲ್ಲಿತ್ತು. ಹಿರಿಯರು ಸದ್ದಿಲ್ಲದೆ ದೀಪ ತಂದು ಪಕ್ಕದಲ್ಲಿ ಹಿಡಿದರು. ನಾನು ಅವರ ಬಾಯಿ ನೋಡಿಕೊಂಡು ಅವನ ಬಾಯಿ ಬರೆದೆ. ಖಾಲಾಗೆ ನಗು ಬಂದಾಗಲೆಲ್ಲ ನಿಲ್ಲಿಸಿ ಕಾಯಬೇಕಾಗುತ್ತಿತ್ತು.

ಆ ತುಂಡು ಬೆಂದು ಬಂದಾಗ ಪದಕದ ಹೊಂಡದಲ್ಲೇ ಕೂರಿಸಿ ನೋಡಿದೆವು. ಹಿರಿಯರು ನಗಲಿಲ್ಲ. ಉಗುರಿನಿಂದ ಅಂಚು ತಡವಿ, "ಆಯ್ತು, ಇನ್ನು ಮುಟ್ಟಬೇಡಿ" ಎಂದರು. ನನಗೆ ಸಂಧಿ ಕಾಣುತ್ತಿತ್ತು, ಈಗಲೂ ಕಂಡೀತು. ಅವನ ಬಾಯಿ ಮಾತ್ರ ಒಂದೇ ಬಾಯಿಯಾಗಿತ್ತು.

ಪದಕವನ್ನು ನನ್ನಲ್ಲೇ ಬಿಟ್ಟುಹೋಗುತ್ತಾ, ಅಂಟಿಸಿದ ಮೇಲೆ ನಾನೇ ತರಬೇಕೆಂದು ಖಾಲಾ ಹಟ ಹಿಡಿದರು. ಹಟದಲ್ಲಿ ಅವರು ನನ್ನನ್ನೂ ಮೀರಿಸುತ್ತಾರೆ. ಒಂದು ಶುಕ್ರವಾರ ಗಂಡನ ಕಾರಿನಲ್ಲಿ ರುಸ್ತಾಕಿಗೆ ಹೋದೆವು. ಕೋಟೆಯ ಹಿಂದಿನ ಬೀದಿಯಲ್ಲಿ ಅವರ ಮನೆ. ಗಂಡನನ್ನು ಮಗ, ಗಂಡಸರು ಕೂರುವ ಹೊರಗಿನ ಮಜಲಿಸ್‌ನಲ್ಲಿ ಕೂರಿಸಿಕೊಂಡ, ನನ್ನನ್ನು ಖಾಲಾ ಒಳಗೆ ಕರೆದೊಯ್ದರು. ಅಕ್ಕ ಕಿಟಕಿಯ ಕೆಳಗೆ ದಿಂಬಿಗೆ ಒರಗಿ ಕೂತಿದ್ದರು. ಬಹಳ ತೆಳ್ಳಗಿನ ಹೆಂಗಸು. ಎದುರಿಗೆ ಖರ್ಜೂರದ ತಟ್ಟೆ ಮುಟ್ಟದೆ ಬಿದ್ದಿತ್ತು. ಪದಕ ನನ್ನಲ್ಲಿದ್ದ ಆ ಎರಡು ದಿನ ಅವರು ಸರಿಯಾಗಿ ಉಂಡಿರಲಿಲ್ಲವಂತೆ.

ಖಾಲಾ ಪದಕವನ್ನು ಅಕ್ಕನ ಅಂಗೈಯಲ್ಲಿಟ್ಟು ಹಿಂದೆ ಸರಿದರು. ಡಾಕ್ಟರು, ರೋಗಿ, ಯಾರ ಮುಂದೆಯೂ ನನ್ನ ಕೆಲಸ ಇಟ್ಟು ಹಾಗೆ ಹೆದರಿದವಳಲ್ಲ ನಾನು. ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ದೂರ ಹಿಡಿದರು, ಹತ್ತಿರ ತಂದರು. ಹೆಬ್ಬೆರಳಿನಿಂದ ಅವನ ಎಡಗೆನ್ನೆಯನ್ನು ಮೆಲ್ಲಗೆ ಸವರಿದರು. ಅಳಲಿಲ್ಲ.

"ವಾಸಿಯಾಯ್ತಾ?" ಎಂದು ಅವನನ್ನೇ ಕೇಳಿದರು. "ಪಾಪ, ಎಷ್ಟು ದಿನ ನೋವು ತಿಂದೆ ನೀನು."

ಕಾಫಿ ಬಗ್ಗಿಸುತ್ತಿದ್ದ ಖಾಲಾರ ಕೈ ನಿಂತಿತು. ಒಂದು ವರ್ಷದಿಂದ ಮನೆಯವರೆಲ್ಲ ನಂಬಿದ್ದರು, ಅಕ್ಕ ರಾತ್ರಿ ಮಲಗಿದರೆ ಎಲ್ಲ ಅಳಿಸಿಹೋಗುತ್ತದೆ, ಬೆಳಿಗ್ಗೆ ಗಾಯವನ್ನು ಹೊಸದಾಗಿ ನೋಡಿ ಹೊಸದಾಗಿ ಅಳುತ್ತಾಳೆ ಎಂದು. ಹಾಗಲ್ಲ. ಅವರು ಅದನ್ನು ದಿನವೂ ನೆನಪಿಟ್ಟುಕೊಂಡೇ ಅತ್ತಿದ್ದರು. ಖಾಲಾ ಕಾಫಿಯ ಪಾತ್ರೆ ಕೆಳಗಿಟ್ಟು, ಇದ್ದಲ್ಲೇ ಮಂಡಿಯೂರಿ ಕೂತರು. ತನ್ನನ್ನೂ ಅಕ್ಕ ನೆನಪಿಟ್ಟಿರಬಹುದೆಂದು ಅವರ ಮುಖದಲ್ಲಿ ಎದ್ದ ಆಸೆಯನ್ನು ನೋಡಲಾರದೆ ನಾನು ನೆಲ ನೋಡಿದೆ.

"ಅಕ್ಕಾ" ಎಂದರು ಖಾಲಾ.

ಅಕ್ಕ ತಲೆಯೆತ್ತಿ, ಅತಿಥಿಯನ್ನು ನೋಡಿ ನಗುವಂತೆ ನಕ್ಕರು. "ನೀನು ಯಾರ ಮಗಳಮ್ಮಾ?"

ಖಾಲಾ ಕಣ್ಣು ಸಹ ಮಿಟುಕಿಸಲಿಲ್ಲ. "ನಿನ್ನ ಅಪ್ಪನ ಮಗಳು" ಎಂದರು.

"ಹಾಗಾದ್ರೆ ಅಷ್ಟು ದೂರ ಯಾಕೆ ಕೂತಿದ್ದೀಯಾ?" ಎಂದು ಅಕ್ಕ ಪಕ್ಕದ ದಿಂಬನ್ನು ಸರಿಸಿದರು.